ಪುಷ್ಪಕ

ಹಿಂದೆ ಧಾರವಾಡದ ಎರೆನಾಡಿನಲ್ಲಿ ದೂರದ ಜಾತ್ರೆಗೆ ಹೊರಟ ರೈತನು ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ಎತ್ತು ಹೂಡುತ್ತಿರಲಿಲ್ಲ. ನೆಲದ ಗಾಡಿಗೆ ಸಲ್ಲುವ ಈ ಎಚ್ಚರ ಬಾನಿನ ಗಾಡಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಪುಟ್ಟ ವಿಮಾನವೊಂದು 1958ರಲ್ಲಿ ಮೊದಲ ಬಾರಿಗೆ ಹಾರಿತು. ಅದರ ಹೆಸರು ‘ಪುಷ್ಪಕ’. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನಕ್ಕಾದರೂ ಸ್ಥಳವುಂಟು. ಇದರಲ್ಲಿ ಇಬ್ಬರಿಗೆ ಮಾತ್ರ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಮುಂದೆ 90 ಅಶ್ವಶಕ್ತಿಯ ಎಂಜಿನು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ತರುಣರು ಇದರಲ್ಲಿಯೇ ಹಾರಲು ಕಲಿತರು.

ಇಂತಹ ವಿಮಾನವನ್ನು ಏರುವ ಮುನ್ನ ಚಾಲಕನು ಅದಕ್ಕೊಂದು ಪ್ರದಕ್ಷಿಣೆ ಹಾಕುತ್ತಾನೆ. ರೆಕ್ಕೆಯ ಬಟ್ಟೆ ಹರಿದಿದೆಯೇ, ಚುಕ್ಕಾಣಿ ಸಲೀಸಾಗಿ ತಿರುಗುವುದೇ, ಎಂಜಿನಿನಲ್ಲಿ ಎಣ್ಣೆ ಸಾಕಷ್ಟಿದೆಯೇ ಎಂದು ಮುಟ್ಟಿ ನೋಡುತ್ತಾನೆ. ಇಂಧನದ ತೊಟ್ಟಿಯ ತಳದಿಂದ ತುಸು ಪೆಟ್ರೋಲನ್ನು ಗಾಜಿನ ಪಾತ್ರೆಗೆ ಇಳಿಸುತ್ತಾನೆ. ನೀರು ಪೆಟ್ರೋಲಿಗಿಂತ ಭಾರ. ಸೇರಿದ್ದರೆ ತಳದಲ್ಲಿ ನಿಲ್ಲುತ್ತದೆ. ಅದನ್ನು ಕಡೆಗಣಿಸಿದರೆ ನಡುಬಾನಿನಲ್ಲಿ ಎಂಜಿನು ನಿಂತುಹೋದೀತು. ಗಾಡಿ ಕೆಟ್ಟವನಿಗೆ ದಾರಿಬದಿಯ ಮರದ ನೆರಳಾದರೂ ಇದೆ. ಆಕಾಶದಲ್ಲಿ ನಿಲ್ಲಲು ನೆರಳೆಲ್ಲಿ?

ದುರಸ್ತಿ ಮಾಡಿದವನು ದಾಖಲೆ ಪುಸ್ತಕದಲ್ಲಿ ರುಜು ಹಾಕುತ್ತಾನೆ. ಆ ರುಜುವನ್ನು ನಂಬಿ ಮತ್ತೊಬ್ಬನು ಮೇಲೇರುತ್ತಾನೆ. ನೋಡದ ಮೊಳೆಯನ್ನು ನೋಡಿದೆನೆಂದು ಬರೆದರೆ ಅದು ಬರಿಯ ಸುಳ್ಳಲ್ಲ, ಒಂದು ಜೀವಕ್ಕೆ ಬಗೆದ ದ್ರೋಹ.

ಹೀಗೆ ಸಿದ್ಧವಾದ ವಿಮಾನ ನೆಲ ಬಿಟ್ಟಾಗಿನ ಆನಂದವನ್ನು ಏನೆಂದು ಹೇಳುವುದು! ಕೆಳಗೆ ಹೊಲಗಳು ಅಜ್ಜಿ ಹೊಲಿದ ಕೌದಿಯಂತೆ ಹರಡುತ್ತವೆ, ಕೆರೆಗಳು ಮಿನುಗುತ್ತವೆ. ಹಕ್ಕಿಗೆ ಹುಟ್ಟಿನಿಂದ ಬಂದ ಈ ಸುಖವನ್ನು ಮನುಷ್ಯನು ತನ್ನ ಕೈಗಳ ಶ್ರದ್ಧೆಯಿಂದ ಸಂಪಾದಿಸಿದ್ದಾನೆ.