ಬರಿಗಾಲಿನ ನೋತ್ರ್ ದಾಮ್

ಹಂಗೆರಿಯ ಈಶಾನ್ಯ ಮೂಲೆಯಲ್ಲಿ, ಉಕ್ರೇನ್ ಗಡಿಗೆ ಹತ್ತಿರ, ಟಾಕೋಶ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿನ ರಿಫಾರ್ಮ್ಡ್ (ಕ್ಯಾಲ್ವಿನ್ ಪಂಥದ) ಚರ್ಚಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು 'ಬರಿಗಾಲಿನ ನೋತ್ರ್ ದಾಮ್'. 1766ರ ಕಟ್ಟಡ. ಗೋಡೆಗೆ ಕಲ್ಲಿಲ್ಲ, ಇಟ್ಟಿಗೆಯಿಲ್ಲ. ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಡಿಕೆ ಗೋಡೆ. ನೆಲವೂ ಮಣ್ಣಿನದೇ.

ಆಗ ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆ, ಕ್ಯಾಥೊಲಿಕರದೇ ಮೇಲುಗೈ. ಕ್ಯಾಲ್ವಿನ್ ಪಂಥದವರು ಚರ್ಚ್ ಕಟ್ಟಿಕೊಳ್ಳಲು ನೂರೆಂಟು ಅಡ್ಡಿ. 1781ರಲ್ಲಿ ಅರಸ ಎರಡನೇ ಜೋಸೆಫ್ ಸಹಿಷ್ಣುತೆಯ ಆಜ್ಞೆ ಹೊರಡಿಸಿದಾಗಲೂ, ಗೋಪುರ ಕೂಡದು, ಬೀದಿಗೆ ನೇರ ಬಾಗಿಲು ಕೂಡದು ಎಂಬ ಷರತ್ತುಗಳಿದ್ದವು. ಟಾಕೋಶ್‌ನಲ್ಲಿ ಮರದ ಗಂಟೆಗೋಪುರ ಚರ್ಚಿಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ನಿಂತಿದೆ.

ಒಳಗೆ ಹೋಗಿ ತಲೆಯೆತ್ತಿದರೆ ಬೇರೆಯದೇ ಲೋಕ! ಮರದ ಮುಚ್ಚಿಗೆಯನ್ನು ಚೌಕಚೌಕವಾಗಿ ವಿಂಗಡಿಸಿ, ಮನೆಯೊಳಗಿನ ಹೂದೋಟದಂತೆ ಬಣ್ಣ ತುಂಬಿದ್ದಾರೆ. ಬರೆದವನು ಫೆರೆಂಟ್ಸ್ ಲಾಂಡೋರ್ ಎಂಬ ಬಡಗಿ. ಕ್ಯಾಲ್ವಿನ್ ಪಂಥದವರು ಪೂಜಾಸ್ಥಳದಲ್ಲಿ ಸಂತರ ವಿಗ್ರಹ, ಚಿತ್ರ ಇಡುವುದಿಲ್ಲ. ಅಲ್ಲಿ ಬೈಬಲ್ ವಾಕ್ಯಕ್ಕೇ ಪ್ರಾಧಾನ್ಯ, ಉಪದೇಶ ಪೀಠಕ್ಕೇ ಗೌರವದ ಜಾಗ. ಹಾಗಾಗಿ ಕುಂಚದ ಆಸೆಯೆಲ್ಲ ಹೂಬಳ್ಳಿಗಳ ಕಡೆ ಹರಿದಿದೆ. ಪಕ್ಕದ ಚಾರೋಡ ಹಳ್ಳಿಯ ಹಳೆಯ ಚರ್ಚಿನಲ್ಲೂ ಹೀಗೇ: ಮಧ್ಯಯುಗದ ಸಂತರ ಚಿತ್ರಗಳಿಗೆ ಸುಣ್ಣ ಬಳಿದು, 1642ರಲ್ಲಿ ಅದರ ಮೇಲೆ ಹೂಗಳನ್ನು ಬರೆದರು. ಸುಣ್ಣದ ಅಡಿಯ ಸಂತರು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಕಣ್ಣಿಗೆ ಬಿದ್ದರು, ಮುಗುಳ್ನಗುತ್ತಲೇ.

ಕಲ್ಲಿನ ಭವ್ಯ ಕೆಥೆಡ್ರಲ್‌ಗಳ ಫೋಟೋ ಎಷ್ಟು ನೋಡಿದ್ದೇನೋ. ನನಗೆ ಮಾತ್ರ ಈ ಮಣ್ಣಿನ ಗೋಡೆಯ ಮೇಲೇ ಮನಸ್ಸು. ಇದನ್ನು ಕಟ್ಟಿದವರು ಬಡ ಹಳ್ಳಿಗರು. ಆದರೂ ಬಣ್ಣದ ವಿಷಯದಲ್ಲಿ ಕೈ ಬಿಗಿಹಿಡಿಯಲಿಲ್ಲ.