ಬೆನ್ನಿನ ಭಾರ

ರೈತನು ದೇಶದ ಬೆನ್ನೆಲುಬು ಎಂಬ ಮಾತು ಸಭೆಗಳಲ್ಲಿ ಎಷ್ಟೋ ಸಲ ಕೇಳಿಬರುತ್ತದೆ. ಆದರೆ ಬೆನ್ನೆಲುಬೆಂಬುದು ಎಂಥ ವಸ್ತು, ಅದು ಭಾರವನ್ನು ಹೇಗೆ ಸೈರಿಸುತ್ತದೆ ಎಂದು ವಿಚಾರಿಸಿದವರು ವಿರಳ. ತೊಗರಿಯ ಕಣಜವೆನಿಸಿದ ಕಲಬುರಗಿಯಲ್ಲಿ ಈ ವಿಚಾರವು ಅವಶ್ಯವಾದುದು. ಇಲ್ಲಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ತೊಗರಿಯು ನೆಹರೂ ಗಂಜಿಗೆ ಬಂದು, ಬೇಳೆಯ ಗಿರಣಿಯನ್ನು ಹೊಕ್ಕು, ಅಂಗಡಿಯನ್ನು ಸೇರುವಷ್ಟರಲ್ಲಿ ಎಷ್ಟೋ ಸಲ ಹಮಾಲರ ಬೆನ್ನನ್ನು ಏರಿ ಇಳಿದಿರುತ್ತದೆ. ಖೂಬಾ ಪ್ಲಾಟಿನ ಮನೆಗಳಲ್ಲಿ ಬೇಳೆ ಉಣ್ಣುವವರು ಆ ಬೆನ್ನನ್ನು ಒಮ್ಮೆ ನೆನೆಯುವುದು ಉಚಿತವಲ್ಲವೆ?

ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಕೂತ ಮಣಿಗಳ ಸಾಲು. ಕೂಸಿನಲ್ಲಿ ಸಾಮಾನ್ಯವಾಗಿ ೩೩ ಮಣಿಗಳಿರುತ್ತವೆ: ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫. ಅವುಗಳ ಕೆಳಗಿನ ೫ ಮಣಿಗಳು ಪ್ರಾಯದಲ್ಲಿ ಕೂಡಿ ತ್ರಿಕಾಸ್ಥಿಯೆಂಬ ಒಂದೇ ಎಲುಬಾಗುತ್ತವೆ. ತುದಿಯ ೪ ಕೂಡಿ ಬಾಲದೆಲುಬಾಗುತ್ತವೆ. ಮಣಿಗಳ ನಡುವಿನ ರಂಧ್ರಗಳಲ್ಲಿ ಬೆನ್ನುಹುರಿಯು ಸುರಕ್ಷಿತವಾಗಿರುತ್ತದೆ. ಬಿಡಿ ಮಣಿಗಳ ನಡುವೆ ಮೆತ್ತೆಗಳುಂಟು. ಅವು ಹಗಲೆಲ್ಲ ಭಾರಕ್ಕೆ ಅದುಮಿ ನೀರನ್ನು ಕಳೆದುಕೊಳ್ಳುತ್ತವೆ. ರಾತ್ರಿ ಮಲಗಿದಾಗ ಮರಳಿ ಹೀರಿಕೊಳ್ಳುತ್ತವೆ. ಆದುದರಿಂದಲೇ ಮನುಷ್ಯನು ಸಂಜೆಗಿಂತ ಬೆಳಗಿನಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಎತ್ತರವಾಗಿರುತ್ತಾನೆ. ನೆಟ್ಟಗೆ ನಿಂತವನ ಬೆನ್ನೂ ಪಕ್ಕದಿಂದ ನೋಡಿದರೆ ನೆಟ್ಟಗಿರುವುದಿಲ್ಲ. ಕೂಸು ಕತ್ತನ್ನು ನಿಲ್ಲಿಸಿದಂತೆ ಕುತ್ತಿಗೆಯ ಬಾಗು, ಹೆಜ್ಜೆಯಿಟ್ಟಂತೆ ಸೊಂಟದ ಬಾಗು ನೆಲೆಗೊಳ್ಳುತ್ತವೆ. ಈ ಬಾಗುಗಳೇ ಅದರ ಬಲ.

ಎದೆಯ ಹಿಂದಿನ ೧೨ ಮಣಿಗಳಿಗೆ ೧೨ ಜೊತೆ ಪಕ್ಕೆಲುಬುಗಳು ಕೂಡಿಕೊಂಡಿವೆ. ಮೇಲಿನ ೭ ಜೊತೆಗಳು ಮೃದ್ವಸ್ಥಿಯ ಮೂಲಕ ಎದೆಯೆಲುಬನ್ನು ನೇರವಾಗಿ ಸೇರುತ್ತವೆ. ಮುಂದಿನ ೩ ಜೊತೆಗಳು ಮೇಲಿನವುಗಳ ಮೃದ್ವಸ್ಥಿಯನ್ನು ಆಶ್ರಯಿಸುತ್ತವೆ. ಕಡೆಯ ೨ ಜೊತೆಗಳ ಮುಂದುದಿ ಯಾವುದನ್ನೂ ಮುಟ್ಟುವುದಿಲ್ಲ. ಪ್ರಾಚೀನರೂ ಇದನ್ನು ಅರಿತಿದ್ದರು. ಚರಕಸಂಹಿತೆಯು ೨೪ ಪಕ್ಕೆಲುಬುಗಳನ್ನೂ, ಅವು ಕೂಡುವ ೨೪ ಕುಳಿಗಳನ್ನೂ, ೨೪ ಗಂಟುಗಳನ್ನೂ ಬೇರೆ ಬೇರೆ ಎಣಿಸುತ್ತದೆ. ಸುಶ್ರುತನು ಒಂದೊಂದು ಪಕ್ಕಕ್ಕೆ ೩೬ ಎನ್ನುತ್ತಾನೆ. ಎರಡೂ ಲೆಕ್ಕಗಳು ೭೨ಕ್ಕೇ ಬಂದು ನಿಲ್ಲುತ್ತವೆ. ಶವವನ್ನು ಏಳು ರಾತ್ರಿ ನೀರಿನಲ್ಲಿರಿಸಿ, ಬಳಿಕ ಪದರಪದರವಾಗಿ ಉಜ್ಜಿ ಕಣ್ಣಾರೆ ನೋಡಬೇಕೆಂದು ವಿಧಿಸಿದವನು ಸುಶ್ರುತನು. ಕೇಳಿದುದಕ್ಕೆ ಕಂಡುದು ಕೂಡಿದರೇ ಜ್ಞಾನವೆಂಬುದು ಅವನ ಮತ.

ಕಣ್ಣಾರೆ ನೋಡುವುದಕ್ಕೆ ಗಂಜಿನಲ್ಲಿಯೂ ಅವಕಾಶವುಂಟು. ಹಮಾಲನು ಚೀಲಕ್ಕೆ ಬೆನ್ನು ಕೊಡುವ ಕ್ಷಣವನ್ನು ಗಮನಿಸಿರಿ. ಅವನು ಉಸಿರನ್ನು ತುಂಬಿಕೊಂಡು ಬಿಗಿಹಿಡಿಯುತ್ತಾನೆ. ಉಸಿರಾಡುವಾಗ ಬಿಂದಿಗೆಯ ಹಿಡಿಯಂತೆ ಏರಿಳಿಯುವ ಪಕ್ಕೆಲುಬುಗಳು ಆಗ ಸ್ಥಿರವಾಗುತ್ತವೆ, ಹೊಟ್ಟೆಯೂ ಬಿಗಿಯುತ್ತದೆ, ಆ ಒತ್ತಡವು ಬೆನ್ನೆಲುಬಿಗೆ ಒಳಗಿನಿಂದ ಊರುಗೋಲಾಗುತ್ತದೆ. ಯಾವ ಶಾಸ್ತ್ರವನ್ನೂ ಓದದವನು ಇದನ್ನು ಅನುಭವದಿಂದ ಕಲಿತಿದ್ದಾನೆ. ಆದರೆ ಅನುಭವಕ್ಕೂ ಮಿತಿಯುಂಟು. ಸೊಂಟವನ್ನು ಬಗ್ಗಿಸಿ, ತಿರುಚಿ, ಮತ್ತೆ ಮತ್ತೆ ಎತ್ತಿದರೆ ಕೆಳಸೊಂಟದ ಮೆತ್ತೆಯ ಅಂಚು ಬಿರಿದು, ಒಳಗಿನ ತಿರುಳು ಹಿಂದಕ್ಕೆ ಉಬ್ಬಿ ನರವನ್ನು ಒತ್ತಬಹುದು. ಆಗ ನೋವು ಸೊಂಟದಲ್ಲಿ ನಿಲ್ಲದೆ ಕಾಲಿನವರೆಗೂ ಹರಿಯುತ್ತದೆ. ಲೇಖನಿ ಹಿಡಿದವನಿಗೆ ಇಂಥ ನೋವು ಬಂದರೆ ರಜೆಯುಂಟು. ದಿನಗೂಲಿಯವನಿಗೆ ಅಂದಿನ ಒಲೆಯೇ ಆರುತ್ತದೆ.

ಪ್ರಾಯದ ಗಂಡಸು ಹೊರುವ ಭಾರವು ೫೫ ಕಿಲೋಗ್ರಾಮನ್ನು ಮೀರಬಾರದೆಂದು ೧೯೬೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಶಿಫಾರಸು ಮಾಡಿತು. ಕ್ವಿಂಟಲ್ ಚೀಲವು ಅದರ ಇಮ್ಮಡಿಗೆ ಸಮೀಪದ್ದು. ೫೦ ಕಿಲೋದ ಚೀಲವು ಮಿತಿಯೊಳಗಿನದಾದರೂ, ದಿನವಿಡೀ ಹೊತ್ತಾಗ ಬೆನ್ನು ಆ ಲೆಕ್ಕವನ್ನು ಒಪ್ಪುವುದಿಲ್ಲ. ಚೀಲವನ್ನು ಚಿಕ್ಕದು ಮಾಡಿಸುವುದು, ತಳ್ಳುಗಾಡಿಯನ್ನು ಒದಗಿಸುವುದು, ಎತ್ತುವಾಗ ಇನ್ನೊಬ್ಬನ ಕೈ ಕೂಡಿಸುವುದು, ನಡುನಡುವೆ ವಿಶ್ರಾಂತಿ ಕೊಡುವುದು, ಇವು ಯಾವುವೂ ದುಸ್ಸಾಧ್ಯವಲ್ಲ. ಮನೆಯ ಬಾಗಿಲಿಗೆ ಚೀಲ ಬಂದಾಗ, ಮಾಳಿಗೆಯವರೆಗೂ ಒಂದೇ ಉಸಿರಿಗೆ ಏರಿಸೆಂದು ಅವಸರಪಡಿಸದಿರುವುದು ಗೃಹಸ್ಥನ ಕೈಯಲ್ಲೇ ಇದೆ. ಬೆನ್ನೆಲುಬೆಂದು ಹೊಗಳುವುದಕ್ಕಿಂತ ಬೆನ್ನಿನ ಭಾರವನ್ನು ಇಳಿಸುವುದು ಮೇಲು.