ನಿನೆವೆಯ ಮೂರು ದಿನ

ಕೇರಳದ ಸಿರಿಯನ್ ಕ್ರೈಸ್ತರಿಗೆ ಈಸ್ಟರಿನ ಮುಂಚಿನ ದೊಡ್ಡ ಉಪವಾಸಕ್ಕೆ ಇನ್ನೂ ಮೂರು ವಾರ ಇರುವಾಗಲೇ ಒಂದು ಸಣ್ಣ ಉಪವಾಸ ಬರುತ್ತದೆ. ಸೋಮವಾರದಿಂದ ಬುಧವಾರದವರೆಗೆ, ಮೂರೇ ದಿನ. ಹೆಸರು ಮೂನ್ನು ನೋಂಬು. ಕನ್ನಡ ಜೈನರ ‘ನೋಂಪಿ’ ಗೊತ್ತಿದ್ದವರಿಗೆ ಈ ಪದ ಹೊಸದೆನಿಸದು. ಕೊಚ್ಚಿಯ ಕಾಕ್ಕನಾಡಿನಲ್ಲಿ ಕೇಂದ್ರವಿರುವ ಸಿರೋ-ಮಲಬಾರ್ ಸಭೆಯವರೂ ತಿರುವನಂತಪುರದ ಪಟ್ಟಂನಲ್ಲಿ ಪೀಠವಿರುವ ಸಿರೋ-ಮಲಂಕರ ಸಭೆಯವರೂ ಇದನ್ನು ಆಚರಿಸುತ್ತಾರೆ. ಕೊಟ್ಟಾಯಂ ಜಿಲ್ಲೆಯ ಕುರವಿಲಂಗಾಡಿನಲ್ಲಂತೂ ಮರದ ಹಡಗನ್ನೇ ಹೊತ್ತು, ಬಿರುಗಾಳಿಗೆ ಸಿಕ್ಕಂತೆ ತೂಗಾಡಿಸುತ್ತಾರೆ. ಅದು ಪ್ರವಾದಿ ಯೋನನ ಹಡಗು.

ಯೋನನದು ವಿಚಿತ್ರ ಕತೆ. ನಿನೆವೆಗೆ ಹೋಗಿ ಎಚ್ಚರಿಸು ಎಂದರೆ ಆತ ಎದುರು ದಿಕ್ಕಿಗೆ ಓಡಿದ. ಮೀನಿನ ಹೊಟ್ಟೆ ಹೊಕ್ಕು ಬಂದ ಮೇಲೂ ಸಾರಿದ್ದು ಒಂದೇ ಮಾತು: ನಲವತ್ತು ದಿನದಲ್ಲಿ ಪಟ್ಟಣ ಹಾಳಾಗುತ್ತದೆ. ತಿದ್ದಿಕೊಂಡರೆ ಉಳಿಯುತ್ತೀರಿ ಎಂಬ ಭರವಸೆ ಅದರಲ್ಲಿಲ್ಲ. ಆದರೂ ಊರು ನಂಬಿತು. ಅರಸ ಬೂದಿಯಲ್ಲಿ ಕೂತ, ದನಕುರಿಗಳಿಗೂ ಉಪವಾಸ ವಿಧಿಸಿದ. ಅದೇ ಆಜ್ಞೆಯಲ್ಲಿ, ಪ್ರತಿಯೊಬ್ಬನೂ ತನ್ನ ಕೈಯ ಹಿಂಸೆಯನ್ನು ಬಿಡಬೇಕು ಎಂದೂ ಇತ್ತು. ದೇವರು ಕಂಡದ್ದು ಅವರ ನಡತೆಯನ್ನು. ಗೋಣಿತಟ್ಟಿನ ಮಾತು ಅಲ್ಲಿ ಬರುವುದಿಲ್ಲ. ಮೂರು ದಿನ ಮೀನು ಬಿಟ್ಟು ತಮ್ಮನ ಪಾಲಿನ ತೋಟ ಬಿಡದವನಿಗೆ ಇದು ಇರುಸುಮುರುಸಿನ ಸಾಲು.

ಪಶ್ಚಾತ್ತಾಪಕ್ಕೆ ಕನ್ನಡ, ಮಲಯಾಳ ಎರಡೂ ಕಡೆಯ ಕ್ರೈಸ್ತರು ‘ಮಾನಸಾಂತರ’ ಎನ್ನುತ್ತಾರೆ. ಒಳ್ಳೆಯ ಪದವೇ, ಆದರೆ ಮನಸ್ಸಿನಲ್ಲೇ ಮುಗಿದುಹೋಗುವ ಅಪಾಯ ಅದಕ್ಕಿದೆ. ಯೋನನ ಕತೆಯ ಹೀಬ್ರೂ ಕ್ರಿಯಾಪದದ ಅರ್ಥ ಹಿಂತಿರುಗುವುದು. ಅದು ಕಾಲಿನ ಕೆಲಸ.

ತಿರುವನಂತಪುರದ ಪೂಂದುರ, ವಿಳಿಂಞಂ ಕಡಲತೀರದ ಮೀನುಗಾರ ಕ್ರೈಸ್ತರು ಲ್ಯಾಟಿನ್ ಕಥೋಲಿಕರು. ಮೂನ್ನು ನೋಂಬು ಅವರ ಸಂಪ್ರದಾಯವಲ್ಲ. ಆದರೆ ತಪಸ್ಸುಕಾಲದ ಮೊದಲ ವಾರದ ಬುಧವಾರ ಅವರ ಇಗರ್ಜಿಗಳಲ್ಲೂ ಓದುವುದು ನಿನೆವೆಯ ಪ್ರಸಂಗವನ್ನೇ. 2017ರ ನವೆಂಬರ್ 30ರಂದು ಓಖಿ ಚಂಡಮಾರುತ ಎರಗಿದಾಗ ಈ ತೀರದ ಅನೇಕರು ಆಗಲೇ ಆಳಕಡಲಿನಲ್ಲಿದ್ದರು. ಎಚ್ಚರಿಕೆ ಅವರನ್ನು ಮುಟ್ಟಲೇ ಇಲ್ಲ. ಎಷ್ಟೋ ಮನೆಗಳಿಗೆ ಗಂಡಸರು ಮರಳಲಿಲ್ಲ.

ಇಂಥ ಸಾವುಗಳನ್ನು ಪಾಪದ ಸಂಬಳ ಎನ್ನುವ ಬೋಧಕರು ಎಲ್ಲ ಕಾಲದಲ್ಲೂ ಇದ್ದಾರೆ. ಸಿಲೋವಾಮಿನ ಗೋಪುರ ಬಿದ್ದು 18 ಮಂದಿ ಸತ್ತದ್ದನ್ನು ಯೇಸು ಎತ್ತಿದಾಗ, ಅವರು ಉಳಿದವರಿಗಿಂತ ಕೆಟ್ಟವರೆಂಬ ಎಣಿಕೆಯನ್ನು ಸ್ಪಷ್ಟವಾಗಿ ತಳ್ಳಿಹಾಕಿದ. ಆಮೇಲೆ ಕೇಳುತ್ತಿದ್ದವರ ಕಡೆ ತಿರುಗಿ, ನೀವು ತಿರುಗಿಕೊಳ್ಳಿ ಎಂದ. ಎಚ್ಚರಿಕೆ ಇರುವುದು ಬದುಕಿದವರಿಗೆ. ಅದನ್ನು ಸತ್ತವರ ಲೆಕ್ಕಪುಸ್ತಕ ಮಾಡುವುದು ಕ್ರೌರ್ಯ.

ಈಗ ಕಡಲಿಗಿಳಿಯಬೇಡಿ ಎಂಬ ಸೂಚನೆ ಬಂದು, ಗಾಳಿ ಮಾತ್ರ ಬಾರದ ದಿನಗಳೂ ಇರುತ್ತವೆ. ಒಂದು ದಿನದ ದುಡಿಮೆ ಹೋಯಿತೆಂಬ ಗೊಣಗಾಟ ಸಹಜ, ಹೊಟ್ಟೆಪಾಡು. ಯೋನನ ಗೊಣಗಾಟಕ್ಕೆ ಆ ಸಬೂಬೂ ಇಲ್ಲ. ತಾನು ನುಡಿದದ್ದು ನಡೆಯಲಿಲ್ಲವಲ್ಲ, ಊರು ಉಳಿದುಬಿಟ್ಟಿತಲ್ಲ ಎಂಬುದೇ ಆತನ ಸಿಟ್ಟು. ಪಟ್ಟಣದ ಪೂರ್ವಕ್ಕೆ ಚಪ್ಪರ ಹಾಕಿಕೊಂಡು, ಏನಾದೀತು ನೋಡೋಣ ಎಂದು ಕೂತ. ನೆರಳಿನ ಗಿಡ ಒಣಗಿದ್ದಕ್ಕೆ ಮರುಗಿದ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಅಷ್ಟೊಂದು ದನಕರು, ಅವರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳುವಲ್ಲಿಗೆ ಪುಸ್ತಕ ನಿಲ್ಲುತ್ತದೆ. ಯೋನ ಏನೆಂದನೋ, ಬರೆದಿಲ್ಲ.